ಇಂದ್ರವ್ವನ ವಸಡಿಗೆ ಒಂದು ಗಡಿಗೆ ಖಂಡ

ರಾಮದುರ್ಗದ ಹೊಳೆದಂಡೆಯ ಓಣಿಯಲ್ಲಿ ಕೃಷ್ಣವ್ವ ಒಲೆ ಹಚ್ಚಿದಳೆಂದರೆ, ಇವತ್ತು ಏನು ಅಡಿಗೆ ಎಂದು ಯಾರೂ ಕೇಳಬೇಕಾಗಿಲ್ಲ. ಹೊಗೆಯೇ ಹೇಳುತ್ತದೆ. ಹೊಗೆ ಲಗುಲಗು ಎದ್ದು ಲಗುಲಗು ಹೋದರೆ ರೊಟ್ಟಿ. ಮುಂಜಾನೆ ಎದ್ದ ಹೊಗೆ ಮಧ್ಯಾಹ್ನವಾದರೂ ಊಟಕ್ಕೆ ಕುಳಿತ ಅಳಿಯನ ಹಾಗೆ ಮಾಡಿನ ಹಂಚಿನ ಮೇಲಿಂದ ಏಳದಿದ್ದರೆ, ಗಡಿಗೆಯೊಳಗೆ ಎಮ್ಮೆಯ ಖಂಡ ಬಿದ್ದಿದೆ ಎಂದು ತಿಳಿಯಬೇಕು.

ಮನೆಯಲ್ಲಿ ಗ್ಯಾಸೂ ಇದೆ, ಕುಕ್ಕರೂ ಇದೆ. ಸೊಸೆ ರೇಣು ಅದರಲ್ಲೇ ಬೇಳೆ ಬೇಯಿಸುತ್ತಾಳೆ. ಖಂಡದ ಮಾತು ಬಂದಾಗ ಮಾತ್ರ ಕೃಷ್ಣವ್ವ ಕುಕ್ಕರಿಗೆ ಬೆನ್ನು ಮಾಡಿ ಕೂರುತ್ತಾಳೆ. "ಸೀಟಿ ಹೊಡಿಸಿ ಬೇಸಿದ ಖಂಡ ಅಂಜಿ ಮೆತ್ತಗಾಗಿರತೈತೆವಾ, ಮನಸಾರೆ ಮೆತ್ತಗಾಗಿರೂದಿಲ್ಲ" ಎನ್ನುತ್ತಾಳೆ. ಮನಸಾರೆ ಮೆತ್ತಗಾಗಬೇಕಾದರೆ ಹಿತ್ತಲಲ್ಲಿ ಮೂರು ಕಲ್ಲಿನ ಒಲೆ, ಸಗಣಿ ಕುಳ್ಳಿನ ಕೆಂಡ, ಮಣ್ಣಿನ ಗಡಿಗೆ, ಗಡಿಗೆಯ ಬಾಯಿಗೆ ಮುಚ್ಚಿದ ತಾಟು, ತಾಟಿನಲ್ಲಿ ನೀರು. ಎಸರು ಕಡಿಮೆಯಾದರೆ ತಾಟಿನಲ್ಲಿ ಬಿಸಿಯಾದ ನೀರನ್ನೇ ಒಳಗೆ ಸುರಿದು, ತಾಟಿಗೆ ಬೇರೆ ನೀರು ಹಾಕಬೇಕು. ಆಮೇಲೆ ಸುಮ್ಮನೆ ಕೂರಬೇಕು. ಈ ಸುಮ್ಮನೆ ಕೂರುವುದೇ ಅಡಿಗೆಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ.

ಅವಳಿಗೆ ಆ ತಾಳ್ಮೆ ಬಂದದ್ದು ಬೈಲಹೊಂಗಲದ ಮಾರ್ಕೆಟ್ಟಿನಲ್ಲಿ. ಗಂಡ ದುರ್ಗಪ್ಪ ಅಲ್ಲಿ ಹಮಾಲ. ಅವನು ಚೀಲ ಹೊತ್ತು ಹೋದ ದಾರಿಯಲ್ಲಿ ಇವಳು ಚೆಲ್ಲಿದ ಕಾಳು ಬಳಿದು ಹಸನು ಮಾಡುತ್ತಿದ್ದಳು. ಮಣ್ಣಿನಿಂದ ಕಡಲೆ, ಕಡಲೆಯಿಂದ ಹರಳು ಆರಿಸುತ್ತ ಕುಳಿತು ಕುಳಿತು ವಯಸ್ಸೂ ಹೋಯಿತು, ಅವಸರವೂ ಹೋಯಿತು. ದುರ್ಗಪ್ಪ ಊಟಕ್ಕೆ ಕುಳಿತರೆ ಮಾತಾಡುವವನಲ್ಲ. ಎಸರು ಸೇರಿದ ದಿನ ಎರಡನೆಯ ರೊಟ್ಟಿಗೆ ಕೈ ಚಾಚುತ್ತ "ಹೂಂ" ಎನ್ನುತ್ತಿದ್ದ. ಆ ಒಂದು ಹೂಂಕಾರಕ್ಕಾಗಿ ಅವಳು ಇಡೀ ದಿನ ಕೆಂಡ ಕಾಯುತ್ತಿದ್ದಳು. ಅವನು ತೀರಿಕೊಂಡ ಮೇಲೆ, ಮನೆಮನೆಗೆ ವೈರಿಂಗ್ ಮಾಡುವ ಮಗ ವಿರೂಪಾಕ್ಷ ತಾಯಿಯನ್ನು ರಾಮದುರ್ಗಕ್ಕೆ ಕರೆತಂದ. ಅವಳ ಜೊತೆ ಗಡಿಗೆಯೂ ಬಂತು, ಬಸ್ಸಿನಲ್ಲಿ, ತೊಡೆಯ ಮೇಲೆ ಕುಳಿತು.

ಕಾರಹುಣ್ಣಿಮೆ ಮುಗಿದ ವಾರ ಸವದತ್ತಿಯಿಂದ ಅಕ್ಕ ಇಂದ್ರವ್ವನ ಫೋನು ಬಂತು.

"ತಂಗೀ, ನಾ ಈ ಆಷಾಢ ಏಕಾದಶಿಗೆ ಪಂಢರಪುರಕ್ಕ ಹೊಂಟೇನಿ. ಮಾಲಿ ಹಾಕ್ಕೋತೇನಿ."

ಮಾಲೆ ಎಂದರೆ ವಿಠ್ಠಲನ ಹೆಸರಿನ ತುಳಸಿಮಾಲೆ. ಕೊರಳಿಗೆ ಅದು ಬಿದ್ದ ಮೇಲೆ ಖಂಡ ಬಿಡಬೇಕು. ಅಷ್ಟೇ ಆದರೆ ಚಿಂತೆಯಿರಲಿಲ್ಲ. ಇಂದ್ರವ್ವನ ಕಡೆಯ ಮಾಲೆಯವರು ಖಂಡ ಬೇಯುವ ಮನೆಯಲ್ಲಿ ನೀರು ಸಹ ಮುಟ್ಟುವುದಿಲ್ಲ.

"ಯಾಕ ಬೇ ಅಕ್ಕಾ? ವಿಠ್ಠಲ ಕನಸಿನಾಗ ಬಂದಿದ್ನೇನು?" ಕೃಷ್ಣವ್ವ ಕೇಳಿದಳು.

"ಕನಸಿನಾಗ ಯಾರೂ ಬರಲಿಲ್ಲ. ಹಲ್ಲ ಹ್ವಾದ್ವು."

"ಹಲ್ಲಿಗೂ ವಿಠ್ಠಲಗೂ ಏನ ಸಂಬಂಧ?"

"ಎಲ್ಲಾ ಉದುರಿ ಕೆಳಗ ಒಂದ ಉಳದಿತ್ತು. ಮೊನ್ನಿ ಶಟ್ಟೆಪ್ಪನ ಮಗಳ ಮದಿವ್ಯಾಗ ಬುಂದೆ ಲಾಡು ಕಡದ್ನಿ. ಲಾಡು ಹಂಗ ಉಳೀತು, ಹಲ್ಲ ಬಂತು. ಇನ್ನ ಖಂಡ ಎಲ್ಲಿ ಜಗೀಲಿ? ತಿನ್ನಾಕ ಆಗದ್ದನ್ನ ಬಿಟ್ರ ಬಿಟ್ಟಾಂಗೂ ಆತು, ಪುಣ್ಯಾನೂ ಬಂತು."

"ಲಕ್ಷ್ಮಣ ಹಲ್ಲಿನ ಸೆಟ್ ಮಾಡಿಸಿ ಕೊಟ್ಟಾನಲ್ಲ?" ಲಕ್ಷ್ಮಣ ಎಂದರೆ ಇಂದ್ರವ್ವನ ಮಗ.

"ಅದನ್ನ ಹಾಕ್ಕೊಂಡ್ರ ಬಾಯಾಗ ಬೀಗರು ಬಂದು ಕುಂತಂಗ ಆಗತೈತಿ. ಉಣ್ಣಾಕೂ ಸಂಕೋಚ, ಮಾತಾಡಾಕೂ ಸಂಕೋಚ."

"ಹಂಗಾರ ನಾ ಜಗದ ಕೊಡ್ತೇನಿ ತಗೋ. ಸಣ್ಣಾಕಿದ್ದಾಗ ನೀ ಜಗದ ನನ್ನ ಬಾಯಾಗ ಹಾಕ್ತಿದ್ದಿ ಅಂತ ಅವ್ವ ಹೇಳ್ತಿದ್ಲು."

"ಥೂ ನಿನ್ನ! ಆವಾಗ ನನ್ನ ಬಾಯಿ ಸ್ವಚ್ಛ ಇತ್ತು. ನಿನ್ನ ಬಾಯಾಗ ಯಾವತ್ತೂ ತಂಬಾಕ."

ಕೃಷ್ಣವ್ವ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಅಕ್ಕತಂಗಿಯರು ಕೂಡಿದಾಗಲೆಲ್ಲ ಒಂದೇ ತಾಟಿನಲ್ಲಿ ಉಂಡವರು. ಒಬ್ಬಳ ಮನೆಯ ಗೋಡೆಗೆ ಬುದ್ಧ, ಇನ್ನೊಬ್ಬಳ ಮನೆಯ ಗೋಡೆಗೆ ವಿಠ್ಠಲ. ಗಡಿಗೆಯಲ್ಲಿ ಮಾತ್ರ ಇಬ್ಬರದೂ ತವರಿನ ಎಸರು. ಅಕ್ಕ ಖಂಡ ಬಿಡುತ್ತಾಳೆಂದು ಕೃಷ್ಣವ್ವನಿಗೆ ದುಃಖವಿಲ್ಲ, ಬೇಕಾದರೆ ಅಕ್ಕನ ಪಾಲನ್ನೂ ತಾನೇ ತಿಂದಾಳು. ಆದರೆ ತನ್ನ ತಾಟಿಗೆ ಇನ್ನು ಅಕ್ಕನ ಕೈ ಬರುವುದಿಲ್ಲ. ಇದನ್ನು ಫೋನಿನಲ್ಲಿ ಹೇಗೆ ಹೇಳುವುದು? ಅಳು ಬಂದಾಗ ಜಗಳ ತೆಗೆಯುವುದು ಆ ಮನೆಯ ಹೆಣ್ಣುಮಕ್ಕಳ ರೂಢಿ.

"ಹಲ್ಲ ಇಲ್ಲಂತ ನೆಪಾ ಹೇಳಬ್ಯಾಡ!" ಎಂದು ಏರಿದ ದನಿಯಲ್ಲಿ ಅಂದಳು. "ಐತವಾರ ಬಾ. ನಿನ್ನ ಬೋಳ ವಸಡಿನಾಗ ಜಗದ ನುಂಗೂವಂಗ ಬೇಸಿ ಇಡತೇನಿ. ಒಂದ ತುಂಡ ಜಗದ ನುಂಗಿದಿ ಅಂದ್ರ ಮಾಲಿ ಮಾತ ಬಿಡಬೇಕು."

"ನುಂಗಾಕ ಆಗಲಿಲ್ಲ ಅಂದ್ರ?"

"ಆಗಲಿಲ್ಲ ಅಂದ್ರ ನಾನೂ ನಿನ್ನ ಜೋಡಿ ಬಂದು ಮಾಲಿ ಹಾಕ್ಕೋತೇನಿ!"

ಬಿದ್ದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವಳು ಮತ್ತೆ ಬಾಯಿ ತೆರೆದಳು. ಅಷ್ಟರಲ್ಲಿ ಇಂದ್ರವ್ವ "ಆತು ಹಂಗಾರ" ಎಂದು ಫೋನು ಇಟ್ಟಾಗಿತ್ತು.

ಬಾಗಿಲಲ್ಲಿ ಸ್ವಿಚ್ ಬಿಚ್ಚುತ್ತಿದ್ದ ವಿರೂಪಾಕ್ಷನ ಕೈಯಿಂದ ಸ್ಕ್ರೂ ಉದುರಿತು.

"ಯವ್ವಾ, ನಮ್ಮದು ಬುದ್ಧನ ಮನಿ. ನೀ ಪಂಢರಪುರಕ್ಕ ಹೊಂಟಿ?"

"ಸೋತ್ರ ಮಾತ್ರ."

"ಮತ್ತ ಮನ್ಯಾಗ ಖಂಡ?"

"ಬಂದ್."

ಹಂಚಿನ ಮೇಲಿದ್ದ ರೇಣುವಿನ ರೊಟ್ಟಿ ಹೊತ್ತಿ ಕರಿಯಾಯಿತು. ಮೋಟುಗೋಡೆಯ ಆಚೆಗೆ ಗಡ್ಡ ಬೋಳಿಸಿಕೊಳ್ಳುತ್ತಿದ್ದ ಯಮನಪ್ಪ ಗಲ್ಲ ಕೊಯ್ದುಕೊಂಡ. ಅವನು ನಿವೃತ್ತ ಬಸ್ ಕಂಡಕ್ಟರ್. ಖಂಡ ಬೆಂದ ದಿನ ಗೋಡೆ ದಾಟಿ ಒಂದು ಬಟ್ಟಲು ಎಸರು ಅವನಿಗೆ ಬರುವುದು ವಾಡಿಕೆ. "ಕೃಷ್ಣಕ್ಕಾ, ಏನ ಮಾತಾಡಿದಿ ಇದು? ಓಣಿ ಮಂದೀನ ಒಂದ ಮಾತ ಕೇಳಬಾರದೇನ?" ಎಂದು ಗಲ್ಲದ ಮೇಲೆ ಸಾಬೂನಿನ ನೊರೆ, ನೊರೆಯ ಮೇಲೆ ರಕ್ತ ಇಟ್ಟುಕೊಂಡು ಕೂಗಿದ.

ಐತವಾರ ನಸುಕಿನಲ್ಲೇ ಕೃಷ್ಣವ್ವ ಖಂಡದ ಅಂಗಡಿಯ ಮುಂದೆ ನಿಂತಿದ್ದಳು.

"ಎಳೀದ ನೋಡಿ ಕೊಡಪಾ. ಹಲ್ಲಿಲ್ಲದವರು ತಿನ್ನಾವ್ರದಾರು."

"ಎಳೀದ ಎಲ್ಲಿಂದ ತರ್ಲಿ ಆಯೀ? ಈಗಿನ ಕಾಯ್ದೇದಾಗ ಮುದಿ ಎಮ್ಮಿ ಅಷ್ಟ ನಡೀತೈತಿ. ಇದು ನಿಮ್ಮ ವಾರಿಗೀದು."

"ಆ ಕಾಯ್ದೆ ಮಾಡಿದವರ ಹಲ್ಲ ಗಟ್ಟಿ ಇದ್ದಿರಬೇಕು" ಎಂದು ಗೊಣಗುತ್ತ ಅವಳು ಒಂದೊಂದೇ ತುಂಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ತನ್ನ ವಾರಿಗೆಯದೇ, ತನ್ನ ವಯಸ್ಸಿನದೇ ಇರಬೇಕು. ಎಲ್ಲಿ ಒತ್ತಿದರೂ ತಿರುಗಿ ಒತ್ತುತ್ತಿತ್ತು.

ಮನೆಗೆ ಬಂದು ಖಂಡಕ್ಕೆ ಅರಿಷಿಣ, ಉಪ್ಪು ಸವರಿ ಇಟ್ಟಳು. ಒಣಕೊಬ್ಬರಿ, ಉಳ್ಳಾಗಡ್ಡಿ ಹುರಿದು, ಬಳ್ಳೊಳ್ಳಿ, ಹಸಿಶುಂಠಿ, ಗುರೆಳ್ಳು ಸೇರಿಸಿ ಒರಳಿನಲ್ಲಿ ಅರೆದಳು. ಗಡಿಗೆಯಲ್ಲಿ ಎಣ್ಣೆ ಕಾಯಿಸಿ, ಮಸಾಲಿ ಖಾರ ಹಾಕಿ, ಖಂಡ ಹೊರಳಾಡಿಸಿ, ನೀರು ಬಿಟ್ಟು, ತಾಟು ಮುಚ್ಚಿದಳು. ಬದನೆಕಾಯಿ, ಗಜ್ಜರಿ, ಬಟಾಟಿ, ನುಗ್ಗೆಕಾಯಿ ಹೆಚ್ಚಿ ಬೇರೆ ಇಟ್ಟಳು. ಕಾಯಿಪಲ್ಲೆ ಬೀಳಬೇಕಾದದ್ದು ಖಂಡ ಅರ್ಧ ಬೆಂದ ಮೇಲೆ. ಮೊದಲೇ ಹಾಕಿದರೆ ಯಾವುದು ಬದನೆ, ಯಾವುದು ಬಟಾಟಿ ಎಂದು ಅವಕ್ಕೇ ಗುರುತು ಉಳಿಯುವುದಿಲ್ಲ. ಕಡೆಗೆ ಹುಳಿಗೆಂದು ಒಂದು ಹಿಡಿ ಪುಂಡಿಪಲ್ಲೆ.

ಎಲ್ಲ ಮುಗಿದ ಮೇಲೆ ಆಚೀಚೆ ನೋಡಿ, ಸೆರಗಿನ ಗಂಟಿನಿಂದ ಒಂದು ಇಡೀ ಅಡಿಕೆ ತೆಗೆದು ಗಡಿಗೆಗೆ ಬಿಟ್ಟಳು. ಎಂಥ ಬಿರುಸು ಖಂಡವನ್ನೂ ಅಡಿಕೆ ಮೆತ್ತಗೆ ಮಾಡುತ್ತದೆ ಎಂದು ಅವ್ವ ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ಹೇಳಿಕೊಟ್ಟಿದ್ದಳು. ಸೊಸೆಯಂದಿರಿಗೆ ಹೇಳಿರಲಿಲ್ಲ.

ಇಲ್ಲಿಂದ ಮುಂದೆ ನಡೆದದ್ದು ಕೃಷ್ಣವ್ವನಿಗೆ ಆಗ ಗೊತ್ತಿರಲಿಲ್ಲ. ಊಟದ ಹೊತ್ತಿಗೆ ಗೊತ್ತಾಯಿತು. ಇಲ್ಲೇ ಹೇಳಿಬಿಡುವುದು ವಾಸಿ.

"ತಾಟಿನ್ಯಾಗ ನೀರ ನೋಡ್ಕೋ, ಒಳಗ ಇಣಕಬ್ಯಾಡ" ಎಂದು ರೇಣುವಿಗೆ ಹೇಳಿ ಅವಳು ಜಳಕಕ್ಕೆ ಹೋದಳು. ಬಚ್ಚಲ ಬಾಗಿಲು ಹಾಕಿದ್ದೇ ತಡ, ರೇಣು ತಾಟು ಸರಿಸಿ ಒಂದು ಚಮಚ ಅಡಿಗೆ ಸೋಡಾ ಹಾಕಿದಳು. ಕಡಲೆ ಬೇಯದಿದ್ದರೆ ಸೋಡಾ ಹಾಕುವುದಿಲ್ಲವೇ? ಎಮ್ಮೆಗೂ ಕಡಲೆಗೂ ಎಷ್ಟು ವ್ಯತ್ಯಾಸ ಎಂದು ಯೋಚಿಸಿ ಇನ್ನೊಂದು ಚಮಚ ಹಾಕಿದಳು. ಗಡಿಗೆ ಒಂದು ಸಲ ಉಬ್ಬಿ, ತಾಟನ್ನು ಎತ್ತಿ, ನಿಟ್ಟುಸಿರು ಬಿಟ್ಟು ಕೂತಿತು. ರೇಣು ಹೆದರಿ ಬಾಗಿಲೊಳಗೆ ಕಾಣುವ ಬುದ್ಧನ ಫೋಟೋದ ಕಡೆ ನೋಡಿದಳು. ಬುದ್ಧ ಕಣ್ಣು ಮುಚ್ಚಿಕೊಂಡೇ ಇದ್ದ.

ಜಳಕದಿಂದ ಬಂದ ಕೃಷ್ಣವ್ವ ಕಾಯಿಪಲ್ಲೆ ಹಾಕಿದಳು. ಖಂಡ ಆಗಲೇ ಒಳ್ಳೆ ದಾರಿಗೆ ಬಂದಂತೆ ಕಂಡಿತು. ಅಡಿಕೆಯ ಮಹಿಮೆ ಎಂದುಕೊಂಡು, ಅಕ್ಕನನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೊರಟಳು. ಅವಳು ಓಣಿ ತಿರುಗುವಷ್ಟರಲ್ಲಿ ವಿರೂಪಾಕ್ಷ ತೆಂಗಿನ ಕರಟವನ್ನು ಸುತ್ತಿಗೆಯಿಂದ ಒಡೆದು ಚೂರುಗಳನ್ನು ಗಡಿಗೆಗೆ ಸುರಿದ. ಕರಟ ಹಾಕಿದರೆ ಖಂಡ ಬೇಗ ಬೇಯುತ್ತದೆ ಎಂದು ಅವನು ಲೈಟಿನ ಕಂಬ ಹತ್ತಿದ್ದಾಗ ಯಾರೋ ಹೇಳಿದ್ದರು. ಅವನು ಆಚೆ ಹೋದ ಮೇಲೆ ಯಮನಪ್ಪ ಗೋಡೆ ಹತ್ತಿ ಇಳಿದ. ಅವನ ಬಗಲಲ್ಲಿ ಒಂದು ಹಸಿ ಪಪ್ಪಾಯಿ. ಹಸಿ ಪಪ್ಪಾಯಿಯ ಹಾಲು ಬಿದ್ದರೆ ಕಬ್ಬಿಣವೂ ಕರಗೀತು ಎಂಬುದು ಅವನ ನಂಬಿಕೆ. ಒಂದು ಹೋಳು ಸಾಕಾಗುತ್ತಿತ್ತು. ಉಳಿದದ್ದನ್ನು ಮತ್ತೆ ಗೋಡೆ ಹತ್ತಿಸುವುದೇಕೆಂದು ಇಡೀ ಕಾಯಿಯನ್ನೇ ಹೆಚ್ಚಿ ಹಾಕಿದ.

ಮೂವರೂ ತಂತಮ್ಮಷ್ಟಕ್ಕೆ ಕೃಷ್ಣವ್ವನನ್ನು ಉಳಿಸಿದೆನೆಂದು ಹೆಮ್ಮೆಪಟ್ಟರು. ಮೂವರೂ ಬಾಯಿ ಬಿಡಲಿಲ್ಲ.

ಬಸ್ಸಿನಿಂದ ಇಂದ್ರವ್ವ ಇಳಿದಳು. ಸೊಂಟದಲ್ಲಿ ಎಲೆಅಡಿಕೆಯ ಚಂಚಿ. ಮುಖದಲ್ಲಿ ಬಾಯಿಯ ಜಾಗ ಸ್ವಲ್ಪ ಒಳಗೆ ಹೋಗಿತ್ತು. ಕೃಷ್ಣವ್ವ ಅದನ್ನೇ ನೋಡಿ, ಮರುಗುವ ಬದಲು ಚೇಷ್ಟೆಗೆ ಇಳಿದಳು.

"ಏನಬೇ ಅಕ್ಕಾ, ಬಾಯಿ ಚಂಚಿಯಂಗ ಆಗೇತಲ್ಲ? ದಾರ ಎಳದ ಕಟ್ಟಿಯೇನ?"

"ನಗು, ನಗು. ಸಂಜೀಕ ಮಾಲಿ ಅಳತಿ ಕೊಡೂವಾಗ ನಗೀವಂತಿ."

ಮನೆಗೆ ಬಂದು ಇಂದ್ರವ್ವ ಒಲೆಯ ಪಕ್ಕದಲ್ಲೇ ಕುಳಿತಳು. ಒಳಗೆ ಕೃಷ್ಣವ್ವ ರೊಟ್ಟಿ ಬಡಿದಳು. ಬಡಿಯುವ ಪ್ರತಿ ಏಟಿಗೂ "ಬೇಯಲಿ, ಬೇಯಲಿ" ಎಂದು ಮನಸ್ಸಿನಲ್ಲಿ ಅನ್ನುತ್ತಿದ್ದಳು. ಇವತ್ತು ಬೇಯದಿದ್ದರೆ ಅಕ್ಕನೂ ಹೋದಳು, ಎಸರೂ ಹೋಯಿತು. ಇನ್ನುಳಿದ ಆಯುಷ್ಯವೆಲ್ಲ ಸೊಸೆಯ ಕುಕ್ಕರಿನ ಬೇಳೆ.

ಮಧ್ಯಾಹ್ನ ಇಳಿದ ಮೇಲೆ ಎಲ್ಲರೂ ಹಿತ್ತಲಲ್ಲಿ ಗಡಿಗೆಯ ಸುತ್ತ ಕುಳಿತರು. ಕರೆಯದೆ ಬಂದ ಯಮನಪ್ಪ ತೀರ್ಪು ಹೇಳುವ ಪಂಚನಾಗಿ ಕುಳಿತ. "ತುಂಡ ನಾ ಆರಿಸಿ ಕೊಡ್ತೇನಿ. ಎರಡೂ ಕಡೆಯವರು ಒಪ್ಪಬೇಕು" ಎಂದು ಕೈ ಒರೆಸಿಕೊಂಡ. ಕೃಷ್ಣವ್ವ ತಾಟು ತೆಗೆದಳು. ಘಮ ಎದ್ದಿತು. ಸೌಟು ಇಳಿಸಿದಳು.

ಸೌಟು ಎಲ್ಲೂ ತಡೆಯದೆ ತಳ ಮುಟ್ಟಿತು.

ಎತ್ತಿದಳು. ಕೆಂಪು ಗಂಜಿ. ಮತ್ತೆ ಇಳಿಸಿದಳು, ಈ ಸಲ ಗಡಿಗೆಯ ಅಂಚಿಗೆ ಹಿಡಿದು. ಒಂದು ಎಲುಬು ಬಂತು, ಸೋಪು ಹಚ್ಚಿ ತೊಳೆದಂತೆ ಬೆಳ್ಳಗೆ. ನುಗ್ಗೆಕಾಯಿಯ ನಾರು ಬಂತು. ಬದನೆಯಿಲ್ಲ, ಬಟಾಟಿಯಿಲ್ಲ, ಗಜ್ಜರಿಯ ಬಣ್ಣ ಮಾತ್ರ ಇತ್ತು. ಖಂಡದ ತುಂಡು ಒಂದೂ ಇಲ್ಲ.

"ಎಮ್ಮಿ ಎಲ್ಲಿಗಿ ಹೋತು?" ಎಂದ ಯಮನಪ್ಪ, ಬಸ್ಸಿನಲ್ಲಿ ತಲೆ ಎಣಿಸಿ ಒಬ್ಬರು ಕಡಿಮೆ ಬಿದ್ದಾಗಿನ ದನಿಯಲ್ಲಿ.

ಮೂರನೆಯ ಸೌಟಿನಲ್ಲಿ ಕರಟದ ಚೂರು ಬಂತು. ಕೃಷ್ಣವ್ವ ಅದನ್ನು ಬೆಳಕಿಗೆ ಹಿಡಿದು ನೋಡಿ, ಮಗನ ಕಡೆ ತಿರುಗಿದಳು. ವಿರೂಪಾಕ್ಷ ತಲೆಯ ಮೇಲೆ ಹಾದುಹೋದ ವೈರು ನೋಡತೊಡಗಿದ.

"ಯವ್ವಾ, ನಾ ಒಂದೀಟ ಕರಟ ಅಷ್ಟ..."

"ನೀವೂ ಹಾಕಿದ್ರೀ?" ಎಂದು ರೇಣು ಬಾಯಿ ತಪ್ಪಿ ಅಂದುಬಿಟ್ಟಳು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು, "ಅತ್ತೀ, ನಾ ಬರೇ ಸೋಡಾ" ಎಂದಳು.

ಯಮನಪ್ಪ ಮೆಲ್ಲಗೆ ಗೋಡೆಯ ಕಡೆ ಸರಿದ.

"ಯಮನಪ್ಪಣ್ಣಾ, ಕುಂತ್ರಿ! ನಿಮ್ಮದೇನ?"

"ಪಪ್ಪಾಯಿ. ಸಣ್ಣದಿತ್ತ ಕೃಷ್ಣಕ್ಕಾ. ಅಂದ್ರ, ಗಿಡದಾಗ ಇದ್ದದ್ರಾಗ ಅದ ಸಣ್ಣದು."

ಕೃಷ್ಣವ್ವ ಸೌಟನ್ನು ಕೆಳಗಿಟ್ಟಳು. "ನನ್ನ ಗಡಿಗಿ ಏನ ಗುಡಿ ಹುಂಡಿ ಆಗಿತ್ತೇನ, ಬಂದಬಂದವರು ಹಾಕಿ ಕೈ ಮುಗದ ಹೋಗಾಕ?" ಎಂದು ಕೂಗಿದಳು. ಕೂಗಿದ ಮೇಲೆ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷದಲ್ಲಿ ಅವಳ ಗಡಿಗೆ ಯಾರ ಮುಂದೆಯೂ ಮಾನ ಕಳೆದುಕೊಂಡಿರಲಿಲ್ಲ. ಇವತ್ತು, ಬೇಕಾದ ದಿನವೇ, ಜಗಿಯಲು ಒಂದು ಚೂರಿಲ್ಲ.

ಯಮನಪ್ಪನಿಗೆ ಪಂಚನ ಹುದ್ದೆ ನೆನಪಾಯಿತು. "ಮಾತಿನ ಪ್ರಕಾರ ತುಂಡ ಜಗದ ನುಂಗಬೇಕು. ಟಿಕೆಟ್ ಇಲ್ಲದ ಪ್ರಯಾಣ ಇಲ್ಲ, ತುಂಡ ಇಲ್ಲದ ಗೆಲುವ ಇಲ್ಲ. ಹಂಗಂದ್ಮ್ಯಾಲ ಕೃಷ್ಣಕ್ಕ ಸೋತ..." ಎಂದವನು, ಸೋತರೆ ತನ್ನ ಬಟ್ಟಲಿನ ಗತಿಯೇನೆಂದು ಹೊಳೆದು ಅಲ್ಲಿಗೇ ನಿಲ್ಲಿಸಿದ.

ಆಗ ಎಲ್ಲರಿಗೂ ಒಂದು ಸಪ್ಪಳ ಕೇಳಿಸಿತು. ಸುರ್ರ್ ಎಂಬ ಸಪ್ಪಳ.

ಜಗಳ ಜಗಳದ ಪಾಡಿಗೆ ನಡೆದಿರಲಿ ಎಂದು ಇಂದ್ರವ್ವ ತಾಟು ಎಳೆದುಕೊಂಡು, ಬಿಸಿ ರೊಟ್ಟಿ ಮುರಿದು ಹಾಕಿ, ಮೇಲೆ ಆ ಕೆಂಪು ಗಂಜಿ ಸುರಿದುಕೊಂಡು ಉಣ್ಣುತ್ತಿದ್ದಳು. ಗಲ್ಲ ಎರಡೂ ಒಳಗೆ ಹೋಗಿ ಹೊರಗೆ ಬರುತ್ತಿದ್ದವು. ಬೆರಳು ನೆಕ್ಕಿ, ಬಾಯಿಂದ ಏನನ್ನೋ ತೆಗೆದು ತಾಟಿನ ಅಂಚಿಗೆ ಇಟ್ಟಳು. ಅಡಿಕೆ.

"ಅದು ನಂದು" ಎಂದಳು ಕೃಷ್ಣವ್ವ ಮೂಗು ಒರೆಸಿಕೊಳ್ಳುತ್ತ.

ಇಂದ್ರವ್ವ ಬಾಯಿಂದ ಮತ್ತೊಂದು ಅಡಿಕೆ ತೆಗೆದು ಅದರ ಪಕ್ಕಕ್ಕೆ ಇಟ್ಟಳು. "ಇದು ನಂದು."

"ಏನಂದಿ?"

"ನೀ ರೊಟ್ಟಿ ಬಡ್ಯಾಕ ಕುಂತಾಗ ಚಂಚ್ಯಾಗಿಂದ ತಗದ ಹಾಕಿದ್ನಿ. ಅವ್ವ ನನಗೂ ಹೇಳಿದ್ಲಲ್ಲ."

"ನೀ ಯಾಕ ಹಾಕಿದಿ? ಬೆಂದ್ರ ನೀ ಸೋಲ್ತಿದ್ದೆಲ್ಲ!"

"ಸೋಲಾಕ ಬಂದಿದ್ನಿ. ಮತ್ತ ಇಷ್ಟ ದೂರ ಬಸ್ಸಿನ್ಯಾಗ ನಿಂತಕೊಂಡ ಗೆಲ್ಲಾಕ ಬರತಾರೇನ ಯಾರರೆ?"

ಇಂದ್ರವ್ವ ತಾಟಿನ ಕಡೆಗೇ ನೋಡುತ್ತ ಹೇಳಿದಳು. "ಅಲ್ಲಿ ಎಲ್ಲಾರೂ ಕೂಡಿ ಕುಂತ ಉಣ್ಣೂಮುಂದ ನಾ ಚೀಪಿ ಚೀಪಿ ತುಂಡ ತಾಟಿಗಿ ಉಗಳತೇನಿ. ಮೊಮ್ಮಕ್ಕಳು ಮುಖಾ ತಿರುವತಾವು. ಖಂಡ ತಿನ್ನಾಕ ಆಗವಲ್ದು ಅಂತ ಹೇಳಿದ್ರ ಮುದುಕಿ ಅಂತಾರು. ಬಿಟ್ಟೇನಿ ಅಂತ ಹೇಳಿದ್ರ ಕಾಲ ಮುಗಿತಾರು."

ಕೃಷ್ಣವ್ವ ಅಕ್ಕನ ಎದುರಿಗೆ ಕುಳಿತಳು. ಇನ್ನೊಂದು ರೊಟ್ಟಿ ಮುರಿದು ಅದೇ ತಾಟಿಗೆ ಹಾಕಿ, ತಾನೂ ಕೈ ಹಾಕಿದಳು. ಬಾಯಿಗಿಟ್ಟು ನೋಡಿದಳು. ಪಪ್ಪಾಯಿಯ ಕಹಿ, ಸೋಡಾದ ಸಪ್ಪೆ, ಕರಟದ ಹೊಗೆ, ಅದರೊಳಗೆ ಎಲ್ಲೋ ತನ್ನ ಮಸಾಲೆ, ದಾರಿ ತಪ್ಪಿದ ಮಗುವಿನಂತೆ.

"ಭಾಳ ಕೆಟ್ಟ ಆಗೇತಿ" ಎಂದಳು.

"ಭಾಳ ಕೆಟ್ಟ ಆಗೇತಿ" ಎಂದು ಇಂದ್ರವ್ವ ಒಪ್ಪಿದಳು. "ಇನ್ನೊಂದ ಸೌಟ ಹಾಕ."

ವಿರೂಪಾಕ್ಷನೂ ರೇಣುವೂ ತಾಟು ಹಿಡಿದು ಬಂದರು. ಯಮನಪ್ಪ ಬಟ್ಟಲು ತಂದಿದ್ದ, ಬರುವಾಗಲೇ ಅಂಗಿಯೊಳಗೆ ಇಟ್ಟುಕೊಂಡಿದ್ದನಂತೆ. ಮೊದಲ ತುತ್ತಿಗೇ ಅವನ ಹಲ್ಲಿಗೆ ಕರಟ ಸಿಕ್ಕು ಕಟಕ್ಕೆಂದಿತು. "ನೋಡ್ಕೊಂಡ ಉಣ್ಣೊ ತಮ್ಮಾ, ನಂದೂ ಹಿಂಗ ಒಂದೊಂದ ಹೋದ್ವು" ಎಂದು ಇಂದ್ರವ್ವ ಸಮಾಧಾನ ಹೇಳಿದಳು.

"ಹಂಗಾರ ದೊಡ್ಡವ್ವಾ, ಮಾಲಿ?" ಎಂದು ವಿರೂಪಾಕ್ಷ ಅಂಜುತ್ತ ಕೇಳಿದ. "ವಿಠ್ಠಲಗ ಮಾತ ಕೊಟ್ಟಾಗೇತಲ್ಲ?"

"ಅಂವಾ ಇಟ್ಟಂಗಿ ಮ್ಯಾಲ ಕಾಯ್ಕೋಂತ ನಿಂತು ಯುಗ ಆಗೇತಿ. ಸಿಟ್ಟ ಮಾಡ್ಕೊಳ್ಳಾವಲ್ಲ. ನನ್ನ ಸಲುವಾಗಿ ಇನ್ನೊಂದೀಟ ನಿಂದ್ರತಾನ."

"ಆದ್ರ ಪಂದ್ಯ ಮುಗದಿಲ್ಲ" ಎಂದ ಯಮನಪ್ಪ ಗಲ್ಲ ಹಿಡಿದುಕೊಂಡು. "ತುಂಡ ಜಗದಿಲ್ಲ, ಸೋತಿಲ್ಲ, ಗೆದ್ದಿಲ್ಲ. ಬರೂ ಐತವಾರ ಮತ್ತ ಬೇಸಬೇಕು. ಈ ಸಲ ಗಡಿಗಿ ನಾ ಕ..."

"ನೀವು ಗ್ವಾಡಿ ಆಚೀಕ ಇರ್ರಿ!" ಎಂದು ಅಕ್ಕತಂಗಿಯರಿಬ್ಬರೂ ಒಟ್ಟಿಗೆ ಅಂದರು.

ಕೈ ತೊಳೆದು ಇಂದ್ರವ್ವ ಸವದತ್ತಿಗೆ ಫೋನು ಹಚ್ಚಿಸಿದಳು. ಪಂಢರಪುರದ ಗಾಡಿ ಗೊತ್ತು ಮಾಡಿದ್ದ ಮಗ ಎತ್ತಿಕೊಂಡ.

"ಲಕ್ಷ್ಮಣಾ, ಗಾಡ್ಯಾಗಿನ ನನ್ನ ಜಾಗಾ ನಿನ್ನ ಹೇಂತಿ ಅವ್ವಗ ಕೊಡು. ನಾ ಇಲ್ಲೇ ಇರತೇನಿ. ತಂಗಿ ಜೋಡಿ ಪಂದ್ಯ ಕಟ್ಟೇನಿ, ಅದು ಇನ್ನೂ ಮುಗದಿಲ್ಲ."

"ಏನ ಪಂದ್ಯ ಬೇ ಯವ್ವಾ? ಎಷ್ಟ ದಿನ ಹಿಡೀತೈತಿ?"

"ಅದು ಖಂಡದ ಮ್ಯಾಲ ಐತಿ" ಎಂದಳು ಇಂದ್ರವ್ವ. "ನಿನಗ ಹಲ್ಲ ಅದಾವು, ನಿನಗ ತಿಳಿಯಂಗಿಲ್ಲ. ಇಡು."